ಅಂಗೈ ಹುಣ್ಣು ಕಾಣದಿದ್ದಾಗ

2022ರ ಮೇ ತಿಂಗಳಲ್ಲಿ ಬೆಂಗಳೂರಿನ ರಾಜಾಜಿನಗರದ ಖಾಸಗಿ ಕ್ಲಿನಿಕ್ಕೊಂದಕ್ಕೆ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿ ಚೇತನಾ ರಾಜ್ ಬದುಕಿ ಬರಲಿಲ್ಲ. ವಯಸ್ಸು 21. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ಆಕೆಯನ್ನು ನೋಡಿದ್ದ ಮನೆಗಳಲ್ಲೆಲ್ಲ ಆ ವಾರ ಅದೇ ಮಾತು. ವೈದ್ಯರ ತಪ್ಪೇ, ಕ್ಲಿನಿಕ್ಕಿನ ತಪ್ಪೇ ಎಂಬ ಚರ್ಚೆ ಪೊಲೀಸ್ ಠಾಣೆಯಲ್ಲೂ ಟಿ.ವಿ.ಯಲ್ಲೂ ನಡೆಯುತ್ತಿದ್ದರೆ, ಜಗಲಿಯ ಮೇಲೆ ತೀರ್ಪು ಆಗಲೇ ಹೊರಬಿದ್ದಿತ್ತು: “ಸಣ್ಣಗೇ ಇದ್ಳಲ್ಲ, ಬೇಕಿತ್ತಾ ಇವೆಲ್ಲ?”

ಚೇತನಾಗೆ ಯಾವುದೋ ಕಾಯಿಲೆ ಇತ್ತೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಕ್ಯಾಮೆರಾ ಮುಂದೆ ದುಡಿದು ಅನ್ನ ತಿನ್ನುವವರ ಮೇಲಿರುವ ಒತ್ತಡ ಬೇರೆಯದೇ. ಕಟಕಟೆಯಲ್ಲಿ ನಿಲ್ಲಿಸಬೇಕಾದದ್ದು ಆಕೆಯನ್ನಲ್ಲ, ಆ ತೀರ್ಪನ್ನು. ಏಕೆಂದರೆ ಅದೇ ತೀರ್ಪು ವಿಜಯನಗರದ ಜಿಮ್ಮಿನಲ್ಲೂ, ಬಸವೇಶ್ವರನಗರದ ಊಟದ ಮೇಜಿನಲ್ಲೂ, ಕೆಂಗೇರಿಯ ನಡುಮನೆಯಲ್ಲಿ ಲಕ್ವ ಹೊಡೆದು ಮಲಗಿರುವ ಅಜ್ಜನ ಮಂಚದ ಪಕ್ಕದಲ್ಲೂ ದಿನಾ ಹೊರಬೀಳುತ್ತಿದೆ. ಎಲುಬು ಕಾಣುವಷ್ಟು ಬಡಕಲಾದ ಮೇಲೂ ‘ದಪ್ಪ ಆಗಿದ್ದೀನಿ’ ಎಂದು ಅನ್ನದ ತಟ್ಟೆ ಸರಿಸುವ ಹುಡುಗಿಗೆ ಕೊಬ್ಬು. ಮೂಗು ಸೊಟ್ಟಗಿದೆ ಎಂದು ದಿನಕ್ಕೆ ನಾಲ್ಕು ಗಂಟೆ ಕನ್ನಡಿಯ ಮುಂದೆ ನಿಲ್ಲುವವನಿಗೆ ಸೋಕು. ತೋಳು ತೆಂಗಿನ ಬೊಡ್ಡೆಯಷ್ಟಾದರೂ ಸಣಕಲ ಎಂದು ಕೊರಗಿ ಚುಚ್ಚುಮದ್ದು ಹುಡುಕುವವನಿಗೆ ಹುಚ್ಚು. ಬಿದ್ದುಹೋದ ಎಡಗೈಯನ್ನು ‘ಇದು ನಂದಲ್ಲ’ ಎನ್ನುವ ಅಜ್ಜನಿಗೆ ಅರಳು ಮರಳು. ಕೆಲವು ಮನೆಗಳಲ್ಲಿ ‘ಗಾಳಿ ಸೋಕಿದೆ’ ಎಂಬ ತೀರ್ಪು. ಔಷಧಿ ಎಲ್ಲರಿಗೂ ಒಂದೇ: “ಗಟ್ಟಿ ಮನಸ್ಸು ಮಾಡು.”

ಈ ಔಷಧಿಯ ಹಿಂದೆ ಹಳೆಯದೊಂದು ನಂಬಿಕೆ ಇದೆ. ಲೋಕದಲ್ಲಿ ಬೇರೇನು ತಪ್ಪಾಗಿ ಕಂಡರೂ ಸ್ವಂತ ಮೈ ತಪ್ಪಾಗಿ ಕಾಣಲು ಸಾಧ್ಯವಿಲ್ಲ ಎಂಬುದು ಆ ನಂಬಿಕೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆಯನ್ನು ಹುಟ್ಟಿಸಿದ್ದೂ ಅದೇ. ಕಣ್ಣ ಮುಂದಿರುವ ಕೈ ಕಾಣುತ್ತಿಲ್ಲ ಎಂದರೆ ಆಸಾಮಿ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಹಟ ಮಾಡುತ್ತಿರಬೇಕು. ಗಾದೆ ವೇದಕ್ಕೆ ಸಮ ಇರಬಹುದು, ಮೆದುಳಿಗೆ ಮಾತ್ರ ಅದು ಅನ್ವಯಿಸುವುದಿಲ್ಲ.

ಮೈಯ ಅರಿವು ಮೈಯಿಂದ ನೇರವಾಗಿ ಬರುವುದಿಲ್ಲ. ಚರ್ಮ, ಕೀಲು, ಸ್ನಾಯು, ಕಣ್ಣು, ಒಳಕಿವಿ ಕಳಿಸುವ ಸುದ್ದಿಗಳನ್ನು ಜೋಡಿಸಿ ಮೆದುಳು ಕ್ಷಣಕ್ಷಣಕ್ಕೂ ಒಂದು ಚಿತ್ರ ಕಟ್ಟುತ್ತದೆ. ನಾವು ‘ನನ್ನ ಮೈ’ ಎನ್ನುವುದು ಆ ಚಿತ್ರವನ್ನು. ಅದು ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂದು 1998ರಲ್ಲಿ ಬಾಟ್ವಿನಿಕ್ ಮತ್ತು ಕೊಹೆನ್ ತೋರಿಸಿದರು. ನಿಜವಾದ ಕೈಯನ್ನು ಮರೆಯಲ್ಲಿಟ್ಟು, ಎದುರಿಗೆ ರಬ್ಬರ್ ಕೈ ಇಟ್ಟು, ಎರಡನ್ನೂ ಒಂದೇ ತಾಳಕ್ಕೆ ಬ್ರಷ್ಷಿನಿಂದ ಸವರಿದರು. ಸ್ವಲ್ಪ ಹೊತ್ತಿಗೆ ಬಹಳ ಜನಕ್ಕೆ ರಬ್ಬರ್ ಕೈಯೇ ತಮ್ಮದೆನಿಸತೊಡಗಿತು. ಅವರಾರೂ ರೋಗಿಗಳಲ್ಲ, ಮನಸ್ಸು ಗಟ್ಟಿ ಇಲ್ಲದವರೂ ಅಲ್ಲ. ಅದು ರಬ್ಬರ್ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ಹಾಗನ್ನಿಸುವುದು ನಿಲ್ಲಲಿಲ್ಲ.

ಪೀಣ್ಯ, ರಾಜಾಜಿನಗರದ ಕೈಗಾರಿಕಾ ಪ್ರದೇಶಗಳಲ್ಲಿ ಪ್ರೆಸ್ ಮೆಷಿನ್ನಿಗೆ ಬೆರಳು ಕೊಟ್ಟವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಬೆರಳು ಹೋಗಿರುತ್ತದೆ, ಆದರೆ ಮೆದುಳಿನ ಚಿತ್ರದಿಂದ ಅಳಿದಿರುವುದಿಲ್ಲ. ಇಲ್ಲದ ಬೆರಳು ಉರಿಯುತ್ತದೆ, ಕೆರೆಯುತ್ತದೆ, ಮಡಚಿಕೊಂಡು ಜೋಮು ಹಿಡಿಯುತ್ತದೆ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿಕೊಂಡ ವೈದ್ಯ ವೈರ್ ಮಿಚೆಲ್ ಇದಕ್ಕೆ ‘ಭೂತ ಅಂಗ’ ಎಂಬರ್ಥದ ಹೆಸರಿಟ್ಟು ನೂರೈವತ್ತು ವರ್ಷವಾಯಿತು. ಆದರೂ ‘ಇಲ್ಲದ ಬೆರಳು ನೋಯುತ್ತೆ’ ಎಂದು ಹೇಳಿಕೊಂಡ ಕಾರ್ಮಿಕನನ್ನು, ಪರಿಹಾರ ಜಾಸ್ತಿ ಮಾಡಿಸಿಕೊಳ್ಳೋ ನಾಟಕ ಎಂದು ಅನುಮಾನದಿಂದ ನೋಡುವವರು ಕಡಿಮೆಯಾಗಿಲ್ಲ. 1990ರ ದಶಕದಲ್ಲಿ ತಮಿಳುನಾಡು ಮೂಲದ ವಿ.ಎಸ್. ರಾಮಚಂದ್ರನ್ ಇಂಥವರ ಎದುರು ಕನ್ನಡಿ ಇಟ್ಟು, ಇರುವ ಕೈಯ ಪ್ರತಿಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ತೋರಿಸಿದಾಗ ಕೆಲವರ ನೋವು ಇಳಿಯಿತು. ನಾಟಕವಾಗಿದ್ದರೆ ಇಳಿಯಲು ನೋವೇ ಇರುತ್ತಿರಲಿಲ್ಲವಲ್ಲ.

ಈಗ ಲಕ್ವದ ಅಜ್ಜನ ವಿಷಯಕ್ಕೆ ಬರೋಣ. ವಾದದ ಗಟ್ಟಿ ನೆಲ ಇರುವುದು ಅಲ್ಲೇ.

ಮೆದುಳಿನ ಬಲಭಾಗಕ್ಕೆ ರಕ್ತ ನಿಂತರೆ ಮೈಯ ಎಡಭಾಗ ಬೀಳುತ್ತದೆ. ಅಂಥ ಕೆಲವರಿಗೆ ಬಿದ್ದದ್ದೇ ತಿಳಿಯುವುದಿಲ್ಲ. ‘ಕೈ ಎತ್ತಿ’ ಎಂದರೆ ‘ಎತ್ತಿದ್ದೀನಲ್ಲ’ ಎನ್ನುತ್ತಾರೆ. ಕೈ ಹಾಸಿಗೆಯ ಮೇಲೆಯೇ ಇರುತ್ತದೆ. ಪ್ಯಾರಿಸ್ಸಿನ ವೈದ್ಯ ಬಾಬಿನ್‌ಸ್ಕಿ 1914ರಲ್ಲಿ ಇದನ್ನು ಅನೊಸೊಗ್ನೋಸಿಯಾ ಎಂದು ಕರೆದ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಆ ಕೈ ಮಗನದು, ಡಾಕ್ಟರದು, ಯಾರೋ ಬಿಟ್ಟುಹೋದದ್ದು ಎನ್ನುತ್ತಾರೆ. ಅದಕ್ಕೂ 1942ರಲ್ಲಿ ಗೆರ್ಸ್ಟ್‌ಮನ್ ಕೊಟ್ಟ, ನಾಲಿಗೆ ಹೊರಳದಷ್ಟು ಉದ್ದದ ಹೆಸರೊಂದಿದೆ. ಮನೆಯವರು ಮಾಡುವುದೇನು? ಆ ಕೈಯನ್ನೇ ಎತ್ತಿ ಮುಖದ ಮುಂದೆ ಹಿಡಿದು, “ಇದು ಯಾರದು ನೋಡಿ ಅಪ್ಪಾಜಿ, ಉಂಗುರ ನೋಡಿ” ಎಂದು ವಾದಕ್ಕಿಳಿಯುತ್ತಾರೆ. ಅಪ್ಪಾಜಿ ಉಂಗುರ ತಮ್ಮದೆಂದು ಒಪ್ಪುತ್ತಾರೆ, ಕೈ ತಮ್ಮದೆಂದು ಒಪ್ಪುವುದಿಲ್ಲ.

ಓದು, ಬುದ್ಧಿ, ಅಧಿಕಾರ ಇದ್ದವರಿಗೆ ಹೀಗಾಗದು ಎಂದುಕೊಂಡವರು ವಿಲಿಯಂ ಡಗ್ಲಾಸ್ ಹೆಸರು ಕೇಳಬೇಕು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಕೂತ ನ್ಯಾಯಮೂರ್ತಿ. 1974ರ ಡಿಸೆಂಬರ್ 31ರಂದು ಲಕ್ವ ಹೊಡೆದು ಎಡಭಾಗ ಬಿತ್ತು. ಆತ ಒಪ್ಪಲಿಲ್ಲ. ಕಾಲಿಗೇನೂ ಆಗಿಲ್ಲ, ಫುಟ್‌ಬಾಲ್ ಒದೆಯುತ್ತಿದ್ದೇನೆ ಎಂದರು. ಚಾರಣಕ್ಕೆ ಬನ್ನಿ ಎಂದು ಪತ್ರಕರ್ತರನ್ನು ಕರೆದರು. ಜೀವನವಿಡೀ ಸಾಕ್ಷ್ಯ ತೂಗಿದ ಮನುಷ್ಯ ತಮ್ಮದೇ ಕಾಲಿನ ಸಾಕ್ಷ್ಯವನ್ನು ತೂಗಲಾರದೆ ಹೋದರು. 1975ರ ನವೆಂಬರಿನಲ್ಲಿ ನಿವೃತ್ತರಾಗಬೇಕಾಯಿತು. ‘ಗಟ್ಟಿ ಮನಸ್ಸಿ’ನಿಂದ ಆಗುವ ಕೆಲಸವಾಗಿದ್ದರೆ ಡಗ್ಲಾಸರಿಗಿಂತ ಗಟ್ಟಿ ಮನಸ್ಸು ಯಾರಿಗಿತ್ತು?

ಇಟಲಿಯ ಬಿಸಿಯಾಕ್ ಮತ್ತು ಲುಜ್ಜಾಟಿ 1978ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ವಿಚಿತ್ರ. ಎಡಭಾಗದ ಗಮನ ಕಳೆದುಕೊಂಡ ಮಿಲಾನ್ ನಗರದ ರೋಗಿಗಳನ್ನು, ಊರಿನ ದೊಡ್ಡ ಚರ್ಚಿಗೆ ಮುಖ ಮಾಡಿ ಚೌಕದಲ್ಲಿ ನಿಂತಿದ್ದೀರಿ ಎಂದು ಕಲ್ಪಿಸಿಕೊಳ್ಳಲು ಹೇಳಿದರು. ಅವರು ಬಲಗಡೆಯ ಕಟ್ಟಡಗಳನ್ನಷ್ಟೇ ಹೆಸರಿಸಿದರು. ಈಗ ಚರ್ಚಿಗೆ ಬೆನ್ನು ಮಾಡಿ ನಿಂತಿದ್ದೀರಿ ಎಂದರೆ, ಆಗ ಬಿಟ್ಟಿದ್ದ ಕಟ್ಟಡಗಳೇ ನಾಲಿಗೆಗೆ ಬಂದವು, ಮೊದಲು ಹೇಳಿದ್ದವು ಮಾಯವಾದವು. ವಿಜಯನಗರದ ಮಾರುತಿ ಮಂದಿರಕ್ಕೆ ಮುಖ ಮಾಡಿದಾಗ ಒಂದು ಸಾಲಿನ ಅಂಗಡಿಗಳು, ಬೆನ್ನು ಮಾಡಿದಾಗ ಇನ್ನೊಂದು ಸಾಲಿನ ಅಂಗಡಿಗಳು ಮಾತ್ರ ನೆನಪಿಗೆ ಬಂದರೆ ಹೇಗೋ ಹಾಗೆ. ಕಣ್ಣಿಗೆ ದೋಷವಿಲ್ಲ, ನೆನಪು ಅಳಿಸಿಲ್ಲ. ಎಡ ಎಂಬ ದಿಕ್ಕೇ ಎದ್ದುಹೋಗಿದೆ. ತಟ್ಟೆಯ ಎಡಗಡೆಯ ಪಲ್ಯವನ್ನು ಮುಟ್ಟದೆ ‘ಪಲ್ಯ ಬಡಿಸಲೇ ಇಲ್ಲ’ ಎಂದು ಸೊಸೆಯ ಮೇಲೆ ರೇಗುವ ಅಜ್ಜನಿಗೆ ಸೊಸೆಯ ಮೇಲೆ ಹಗೆ ಇಲ್ಲ. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಟ್ಟರೆ ಜಗಳ ಮುಗಿಯುತ್ತದೆ.

ಇದೇ ಬಿಸಿಯಾಕ್ ಮತ್ತು ಸಂಗಡಿಗರು 1991ರಲ್ಲಿ ದಾಖಲಿಸಿದ ಒಂದು ಪ್ರಕರಣವಂತೂ ಬುದ್ಧಿವಾದದ ಪರ ವಾದಿಸುವವರ ಬಾಯಿ ಕಟ್ಟಿಸಬೇಕು. ಎಡಗೈ ತನ್ನದಲ್ಲ ಎನ್ನುತ್ತಿದ್ದ ವೃದ್ಧೆಯೊಬ್ಬಳ ಎಡಗಿವಿಗೆ ತಣ್ಣೀರು ಹಾಯಿಸಿದರು. ಒಳಕಿವಿಯ ಸಮತೋಲನದ ಅಂಗ ಎಚ್ಚೆತ್ತು, ಅದರ ಸುದ್ದಿ ಮೆದುಳಿನ ಬಲಭಾಗಕ್ಕೆ ಹೋಗುತ್ತಿದ್ದಂತೆ ಆಕೆ ಕೈಯನ್ನು ತನ್ನದೆಂದು ಒಪ್ಪಿದಳು. ಪರಿಣಾಮ ಇಳಿದಾಗ ಕೈ ಮತ್ತೆ ಬೇರೆಯವರದಾಯಿತು. ಕಿವಿಗೆ ಬುದ್ಧಿಮಾತು ಹೋದಾಗ ಬಾರದ ಅರಿವು ತಣ್ಣೀರು ಹೋದಾಗ ಬಂತು. (ಇದನ್ನು ಓದಿ ಯಾರೂ ಮನೆಯಲ್ಲಿ ಚೊಂಬು ಹಿಡಿಯಬಾರದು. ಇದು ಚಿಕಿತ್ಸೆಯಲ್ಲ, ಪರೀಕ್ಷೆ.)

ಇಷ್ಟನ್ನು ಒಪ್ಪುವವರೂ ಒಂದು ಕಡೆ ನಿಂತುಬಿಡುತ್ತಾರೆ. “ಅಜ್ಜನಿಗೆ ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆ, ಸ್ಕ್ಯಾನಿನಲ್ಲಿ ಕಾಣುತ್ತೆ. ಮೊಮ್ಮಗಳಿಗೆ ಏನಾಗಿದೆ? ಅವಳದು ಇನ್‌ಸ್ಟಾಗ್ರಾಮ್ ಕಾಯಿಲೆ.” ಓದಿದವರ ಮನೆಯ ಉತ್ತರ ಇದು, ‘ಕೊಬ್ಬು’ ಎಂಬ ಹಳೆಯ ಬೈಗುಳಕ್ಕೆ ಇಸ್ತ್ರಿ ಮಾಡಿ ತೊಡಿಸಿದ ರೂಪ. ಫೋನು ನಿರಪರಾಧಿ ಎಂದು ಯಾರೂ ಹೇಳುತ್ತಿಲ್ಲ. ತೆಳ್ಳಗಿನ ಮೈಯನ್ನೇ ಹೊಗಳುವ ಲೋಕ ಕಾಯಿಲೆಗೆ ಗೊಬ್ಬರ ಹಾಕುತ್ತದೆ ಎಂಬುದು ನಿಜ. ಆದರೆ ಬೀಜ ಅಲ್ಲಿಲ್ಲ. ಇಟಲಿಯ ಮೊರ್ಸೆಲ್ಲಿ ‘ನಾನು ವಿಕಾರವಾಗಿದ್ದೇನೆ’ ಎಂಬ ಭಯದ ರೋಗವನ್ನು ವರ್ಣಿಸಿದ್ದು 1891ರಲ್ಲಿ. ಲಂಡನ್ನಿನ ವಿಲಿಯಂ ಗಲ್ ಅನ್ನ ಬಿಟ್ಟು ಸೊರಗುವ ಹುಡುಗಿಯರ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಕೊಟ್ಟದ್ದು 1873ರಲ್ಲಿ. ಆಗ ಯಾರ ಕೈಯಲ್ಲಿ ಯಾವ ಫೋನಿತ್ತು? ಇವತ್ತು ರಾಜಾಜಿನಗರದ ಒಂದೇ ಕಾಲೇಜಿನ ಒಂದೇ ತರಗತಿಯ ಅರವತ್ತು ಹುಡುಗಿಯರು ಅದೇ ರೀಲ್ಸ್ ನೋಡುತ್ತಾರೆ. ಅರವತ್ತೂ ಮಂದಿ ಊಟ ಬಿಡುವುದಿಲ್ಲ.

ಹುಡುಗಿ ‘ದಪ್ಪ’ ಎನ್ನುವುದು ಬರೀ ಬಾಯಿಮಾತೇ? ನೆದರ್‌ಲೆಂಡ್ಸಿನಲ್ಲಿ ಕೈಜರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಜಾಣ ಉತ್ತರ ಕೊಟ್ಟಿತು. ಅನೊರೆಕ್ಸಿಯಾ ಇದ್ದವರನ್ನೂ ಇಲ್ಲದವರನ್ನೂ ಬಗೆಬಗೆಯ ಅಗಲದ ಬಾಗಿಲ ಸಂದುಗಳಲ್ಲಿ ನಡೆಸಿದರು. ಪರೀಕ್ಷೆ ಯಾವುದರ ಬಗ್ಗೆ ಎಂದು ಅವರಿಗೆ ತಿಳಿಯದಂತೆ ಬೇರೊಂದು ಕೆಲಸ ಕೊಟ್ಟಿದ್ದರು. ಆರೋಗ್ಯವಂತರು ಸಂದು ತಮ್ಮ ಭುಜಕ್ಕಿಂತ ನೂರಕ್ಕೆ 25ರಷ್ಟು ಅಗಲವಿದ್ದಾಗ ಪಕ್ಕಕ್ಕೆ ತಿರುಗಲು ಶುರುಮಾಡಿದರೆ, ರೋಗಿಗಳು 40ರಷ್ಟು ಅಗಲವಿದ್ದಾಗಲೇ ಭುಜ ಓರೆ ಮಾಡಿದರು. ಬಾಯಿ ಏನನ್ನೂ ಹೇಳದಿದ್ದಾಗಲೂ ಕಾಲು, ಭುಜಗಳು ‘ನಾನು ದಪ್ಪ’ ಎಂದೇ ನಡೆಯುತ್ತಿದ್ದವು. ಇಂಥವಳ ಕೈಗೆ ಟೇಪು ಕೊಟ್ಟು ಸೊಂಟ ಅಳೆಯಿಸಿ, “ನೋಡು, ಎಷ್ಟಿದೆ?” ಎನ್ನುವುದೂ ಅಜ್ಜನಿಗೆ ಉಂಗುರ ತೋರಿಸುವುದೂ ಒಂದೇ. ಅಜ್ಜನ ಪ್ರಾಣಕ್ಕೆ ಆ ವಾದದಿಂದ ತೊಂದರೆಯಿಲ್ಲ, ಹುಡುಗಿಗೆ ಇದೆ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಸಾವು ತರುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ.

ಒಂದು ಮಾತನ್ನು ಇಲ್ಲಿ ನೇರವಾಗಿ ಒಪ್ಪಬೇಕು. ಲಕ್ವದ ಹಾಗೆ ಅನೊರೆಕ್ಸಿಯಾವನ್ನೋ, ಇಲ್ಲದ ಕುರೂಪ ಕಾಣುವ ಡಿಸ್‌ಮಾರ್ಫಿಕ್ ಕಾಯಿಲೆಯನ್ನೋ ಸ್ಕ್ಯಾನಿನಲ್ಲಿ ಬೆರಳಿಟ್ಟು ತೋರಿಸಲಾಗದು. ಕ್ಯಾಲಿಫೋರ್ನಿಯಾದ ಫ್ಯೂಸ್ನರ್ 2007ರಲ್ಲಿ ತೋರಿಸಿದಂತೆ, ಡಿಸ್‌ಮಾರ್ಫಿಕ್ ಕಾಯಿಲೆಯವರ ಮೆದುಳು ಮುಖವನ್ನು ಇಡಿಯಾಗಿ ನೋಡುವ ಬದಲು ಬಿಡಿ ವಿವರಗಳಿಗೇ ಜೋತುಬೀಳುವ ಹಾಗೆ ಕಾಣುತ್ತದೆ. ಆದರೆ ಅದು ಗುಂಪಿನ ಸರಾಸರಿ, ಒಬ್ಬರ ರೋಗ ಪತ್ತೆಯ ಸಾಧನವಲ್ಲ. ‘ಎಂಆರ್‌ಐ ನಾರ್ಮಲ್, ಏನಿಲ್ಲ ಬಿಡಿ’ ಎಂದು ನಿಟ್ಟುಸಿರಿಡುವ ಮನೆಯವರಿಗೆ ಇದನ್ನೇ ಹೇಳಬೇಕು. ಸ್ಕ್ಯಾನಿನಲ್ಲಿ ಕಾಣದ್ದು ಇಲ್ಲ ಎಂದಾದರೆ ಅರೆತಲೆನೋವೂ ಇಲ್ಲ.

ಜಿಮ್ಮಿನ ಹುಡುಗರ ಕಥೆಯಲ್ಲಿ ಇನ್ನೊಂದು ತಿರುವು. ಹುಡುಗಿ ಊಟ ಬಿಟ್ಟರೆ ಕನಿಷ್ಠ ಬೈಯುತ್ತಾರೆ. ಹುಡುಗ ದಿನಕ್ಕೆ ಮೂರು ಹೊತ್ತು ಡಂಬಲ್ಸ್ ಎತ್ತಿದರೆ “ಬಾಡಿ ಚೆನ್ನಾಗಿ ಮಾಡ್ತಾವ್ನೆ” ಎಂದು ಬೆನ್ನು ತಟ್ಟುತ್ತಾರೆ. ಮೈ ಎಷ್ಟು ಬೆಳೆದರೂ ಸಣಕಲಾಗಿಯೇ ಕಾಣುವ ಈ ಕಾಯಿಲೆಯನ್ನು ಹ್ಯಾರಿಸನ್ ಪೋಪ್ ತಂಡ 1993ರಲ್ಲಿ ‘ತಿರುಗುಮುರುಗು ಅನೊರೆಕ್ಸಿಯಾ’ ಎಂದಿತು, 1997ರಲ್ಲಿ ಮಸಲ್ ಡಿಸ್‌ಮಾರ್ಫಿಯಾ ಎಂದು ಹೆಸರು ಬದಲಿಸಿತು. ಗರಡಿಮನೆಯ ಪೈಲ್ವಾನನಿಗೂ ಇವನಿಗೂ ಇರುವ ವ್ಯತ್ಯಾಸ ಮೈಯಲ್ಲಿಲ್ಲ. ಪೈಲ್ವಾನ್ ಅಂಗಿ ಬಿಚ್ಚಿ ಅಖಾಡಕ್ಕಿಳಿಯುತ್ತಾನೆ, ಇವನು ಬೇಸಿಗೆಯಲ್ಲೂ ಜರ್ಕಿನ್ ಹಾಕಿ ಮೈ ಮುಚ್ಚುತ್ತಾನೆ.

ತಲೆಗೆ ಪೆಟ್ಟಾದವರ ಪಾಡನ್ನು ನೋಡಿದರೆ, ಸ್ಕ್ಯಾನಿನಲ್ಲಿ ಕಂಡದ್ದಕ್ಕೂ ಈ ಊರು ಮರ್ಯಾದೆ ಕೊಡುವುದಿಲ್ಲ ಎಂಬುದು ತಿಳಿಯುತ್ತದೆ. ಮೆದುಳಿನ ಪೆಟ್ಟುಗಳಲ್ಲಿ ನೂರಕ್ಕೆ ಸುಮಾರು 60 ರಸ್ತೆ ಅಪಘಾತದಿಂದ, 20ರಿಂದ 25 ಬೀಳುವುದರಿಂದ ಎಂದು ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ವರ್ಷಗಳ ಹಿಂದೆಯೇ ಲೆಕ್ಕ ಕೊಟ್ಟರು. ಮಾಗಡಿ ರಸ್ತೆ, ಮೈಸೂರು ರಸ್ತೆಯಲ್ಲಿ ಟೋಪಿಯಂಥ ಅರ್ಧ ಹೆಲ್ಮೆಟ್ಟಿನಡಿ ಓಡಾಡುವ ತಲೆಗಳನ್ನು ನೋಡಿದರೆ ಆ ಲೆಕ್ಕ ಅರ್ಥವಾಗುತ್ತದೆ. ಹೊಲಿಗೆ ಬಿಚ್ಚಿ ಮನೆಗೆ ಬಂದವನು ಗುಣವಾದ ಎಂದೇ ಎಲ್ಲರ ಎಣಿಕೆ. ಅವನು ಬಾಗಿಲ ಎಡ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾನೆ, ಎಡಗೆನ್ನೆಯ ಗಡ್ಡ ಹಾಗೇ ಬಿಡುತ್ತಾನೆ, ಕೇಳಿದರೆ ‘ನಂಗೇನಾಗಿದೆ, ಗಾಡಿ ಕೀ ಕೊಡಿ’ ಎನ್ನುತ್ತಾನೆ. ಮನೆಯವರು ಅದನ್ನು ಸೋಮಾರಿತನ, ಉಡಾಫೆ ಎಂದು ಓದಿ ಕೀ ಕೊಟ್ಟುಬಿಡುತ್ತಾರೆ. ಎಡಕ್ಕೆ ತಲೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಸುವುದು, ಪ್ರಿಸಂ ಗಾಜಿನ ಕನ್ನಡಕದಿಂದ ಗಮನ ಸರಿಸುವುದು ಮುಂತಾದ ಪುನಶ್ಚೇತನದ ದಾರಿಗಳಿವೆ. ಬೈಗುಳ ಆ ದಾರಿಗಳ ಪಟ್ಟಿಯಲ್ಲಿಲ್ಲ.

ಗಾಳಿ ಸೋಕಿದೆ ಎನ್ನುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೊಡೆದು ದೆವ್ವ ಬಿಡಿಸುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧ ಎನ್ನುತ್ತದೆ, 2020ರಿಂದ ಅದು ಜಾರಿಯಲ್ಲಿದೆ. ನಾಚಿಕೆಯಾಗಬೇಕಾದದ್ದು ದೆವ್ವವನ್ನು ನಂಬದ, ಆದರೆ ‘ಮನಸ್ಸು ಗಟ್ಟಿ ಮಾಡು’ ಮಂತ್ರವನ್ನು ನಂಬುವ ನಮ್ಮ ಬಡಾವಣೆಗಳಿಗೆ. ಕನ್ನಡದಲ್ಲಿ ಈ ತಿಳಿವಳಿಕೆಗೆ ಬರವಿತ್ತೇ? ‘ಕೊರವಂಜಿ’ ಪತ್ರಿಕೆಯ ಡಾ. ಎಂ. ಶಿವರಾಂ ಮನೋವೈದ್ಯವನ್ನು ಕುರಿತ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು 1976ರಲ್ಲಿ. ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಬರೆಯುತ್ತಲೇ ಇದ್ದಾರೆ. ನಿಮ್ಹಾನ್ಸ್ ಇದೇ ಊರಿನಲ್ಲಿದೆ. ಪುಸ್ತಕ ಕಪಾಟಿನಲ್ಲಿದೆ, ಆಸ್ಪತ್ರೆ ಹೊಸೂರು ರಸ್ತೆಯಲ್ಲಿದೆ, ತೀರ್ಪು ಜಗಲಿಯಲ್ಲಿದೆ.

ಕಾನೂನು ಜಗಲಿಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್, ವಿಮಾ ಕಂಪನಿಗಳು ದೈಹಿಕ ಕಾಯಿಲೆಯಷ್ಟೇ ಸಮನಾಗಿ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆನ್ನುತ್ತದೆ. ಡಿಸ್‌ಮಾರ್ಫಿಕ್ ಕಾಯಿಲೆಗೆ ಚಿಕಿತ್ಸೆಯೂ ಇದೆ: ಕನ್ನಡಿಯ ಮುಂದಿನ ಗಂಟೆಗಳನ್ನು ಹಂತಹಂತವಾಗಿ ಕಡಿಮೆ ಮಾಡಿಸುವ, ಅಡಗಿಸಿಟ್ಟ ಮುಖವನ್ನು ಬೀದಿಗೆ ಕರೆತರುವ ಸಿಬಿಟಿ ಎಂಬ ಮನಶ್ಶಿಕಿತ್ಸೆ, ಜೊತೆಗೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು. ಫಲ ಕಾಣಲು ಕೆಲವೊಮ್ಮೆ ಮೂರು ತಿಂಗಳು ಬೇಕು. ಕತ್ತಿಯಿಂದ ಮಾತ್ರ ಈ ಕಾಯಿಲೆ ಗುಣವಾಗುವುದು ಅಪರೂಪ. ಮೂಗು ಸರಿಹೋದರೆ ದೂರು ಗಲ್ಲಕ್ಕೆ ಹೋಗುತ್ತದೆ. ವಿದೇಶಗಳ ಸಮೀಕ್ಷೆಗಳಲ್ಲಿ ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಕಂಡ ಈ ಕಾಯಿಲೆ, ಸೌಂದರ್ಯ ಶಸ್ತ್ರಚಿಕಿತ್ಸೆ ಕೇಳಿ ಬರುವವರಲ್ಲಿ ಹಲವು ಪಟ್ಟು ಹೆಚ್ಚು. ಅವರನ್ನು ಗುರುತಿಸಲು ನಾಲ್ಕಾರು ಪ್ರಶ್ನೆಗಳ ಪಟ್ಟಿಯೇ ಸಿದ್ಧವಿದೆ, ಐದು ನಿಮಿಷ ಸಾಕು. ನವರಂಗ್‌ನಿಂದ ಕೆಂಗೇರಿಯವರೆಗೆ ಬೋರ್ಡು ಹಾಕಿಕೊಂಡಿರುವ ಕಾಸ್ಮೆಟಿಕ್ ಕ್ಲಿನಿಕ್ಕುಗಳಿಗೆ ಪರವಾನಗಿ ಕೊಡುವ ಆರೋಗ್ಯ ಇಲಾಖೆ, ಮುಂಗಡ ಕಟ್ಟಿಸಿಕೊಳ್ಳುವ ಮೊದಲು ಆ ಪ್ರಶ್ನೆಗಳನ್ನು ಕೇಳಲೇಬೇಕೆಂದು ಷರತ್ತು ಹಾಕಲಿ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿಂದ ಹಿಡಿದು ಬಡಾವಣೆಯ ನರ್ಸಿಂಗ್ ಹೋಮಿನವರೆಗೆ, ಲಕ್ವದ ರೋಗಿಯನ್ನು ಮನೆಗೆ ಕಳಿಸುವಾಗ ‘ಕೈ ತನ್ನದಲ್ಲ ಎಂದರೆ ವಾದ ಮಾಡಬೇಡಿ, ಗಾಡಿ ಕೀ ಕೊಡಬೇಡಿ’ ಎಂದು ಕನ್ನಡದಲ್ಲಿ ಬರೆದ ಒಂದು ಚೀಟಿ ಕೊಡಲಿ.

ಮನೆಯಲ್ಲಿ ಯಾರಿಗಾದರೂ ತಟಕ್ಕನೆ ಒಂದು ಪಕ್ಕ ಬಿದ್ದರೆ, ‘ನನಗೇನೂ ಆಗಿಲ್ಲ’ ಎಂಬ ಅವರ ಮಾತನ್ನು ನಂಬಿ ಕೂರಬೇಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. 108ಕ್ಕೆ ಕರೆ ಮಾಡಿ. ಊಟ ಬಿಟ್ಟ ಮಗಳು, ಕನ್ನಡಿ ಬಿಡದ ಮಗ ಇದ್ದರೆ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು, ಕನ್ನಡದಲ್ಲೇ, ಕಾಸಿಲ್ಲದೆ.